ಹಾಡಿಗೆ ಕಣ್ಣು ಕೊಡುವ ಮುನ್ನ

ಪುಟ್ಟಿ,

ಗೆಳತಿಯ ಹಾಡಿಗೆ ನೀನೇ ವಿಡಿಯೋ ಮಾಡಲು ಹೊರಟಿದ್ದೀಯೆಂದು ನಿನ್ನಮ್ಮ ಹೇಳಿದಳು. ಬಹಳ ಸಂತೋಷವಾಯಿತು. ಯಾವ ಯಾವ ನಿರ್ದೇಶಕರ ಮ್ಯೂಸಿಕ್ ವಿಡಿಯೋ ನೋಡಬೇಕು ಮಾಮ, ಒಂದು ಪಟ್ಟಿ ಕೊಡಿ ಎಂದು ಕೇಳಿದ್ದೀಯ. ಪಟ್ಟಿಯೇನೋ ಸುಲಭ. ಮಿಶೆಲ್ ಗೊಂಡ್ರಿ, ಸ್ಪೈಕ್ ಜೋನ್ಸ್, ಮಾರ್ಕ್ ರೊಮಾನೆಕ್, ಜೊನಾಥನ್ ಗ್ಲೇಜರ್, ಕ್ರಿಸ್ ಕನ್ನಿಂಗ್‌ಹ್ಯಾಮ್, ಜಲಂಧರ್‌ನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ಈ ಆರು ಹೆಸರು ಹಿಡಿದು ಯೂಟ್ಯೂಬಿನಲ್ಲಿ ಹುಡುಕಿದರೆ ತಿಂಗಳುಗಟ್ಟಲೆ ನೋಡುವಷ್ಟು ಸಿಗುತ್ತದೆ. ಆದರೆ ಹೇಗೆ ನೋಡಬೇಕೆಂದು ಹೇಳದೆ ಬರೀ ಪಟ್ಟಿ ಕೊಟ್ಟರೆ ನಿನಗೆ ಉಪಕಾರ ಮಾಡಿದಂತಾಗುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ನಿರ್ದೇಶಕನಲ್ಲ, ಸಂಕಲನದವನು. ಬೇರೆಯವರು ಚಿತ್ರಿಸಿ ತಂದ ಹಾಡುಗಳನ್ನು ಕತ್ತರಿಸಿ ಅಂಟಿಸುತ್ತ ಬದುಕು ಕಳೆದವನು. ಎಡಿಟಿಂಗ್ ಟೇಬಲ್ಲಿನ ಮುಂದೆ ಕೂತವನಿಗೆ ಮೊದಲ ರೀಲಿನಲ್ಲೇ ಒಂದು ವಿಷಯ ಗೊತ್ತಾಗಿಬಿಡುತ್ತದೆ: ಇದನ್ನು ಚಿತ್ರಿಸಿದವರು ಹಾಡನ್ನು ಕೂತು ಕೇಳಿದ್ದಾರೋ, ಅಥವಾ ಹಾಡು ಹಿಂದೆ ಎಲ್ಲೋ ಓಡುತ್ತಿದ್ದಾಗ ಒಳ್ಳೊಳ್ಳೆಯ ಜಾಗಗಳನ್ನು ಸೆರೆಹಿಡಿದು ಬಂದಿದ್ದಾರೋ. ಈಗ ನಮ್ಮ ಹುಡುಗರು ಮಾಡುವ ಬಹಳಷ್ಟು ವಿಡಿಯೋಗಳು ಎರಡನೆಯ ಬಗೆಯವು. ಸಕಲೇಶಪುರದ ಕಾಫಿ ತೋಟದ ಮೇಲೆ ಡ್ರೋನ್ ಹಾರುತ್ತದೆ, ಹುಡುಗಿ ನಿಧಾನಗತಿಯಲ್ಲಿ ತಿರುಗಿ ನೋಡುತ್ತಾಳೆ, ಮಂಜು ಸರಿಯುತ್ತದೆ. ಆ ಚಿತ್ರಗಳನ್ನು ಹಾಗೇ ತೆಗೆದು ಇನ್ನೊಂದು ಹಾಡಿಗೆ ಅಂಟಿಸಿದರೂ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ನೀನು ಮಾಡುವ ವಿಡಿಯೋದ ಚಿತ್ರ ಇನ್ಯಾವ ಹಾಡಿಗೂ ಹೊಂದಬಾರದು. ನನಗೆ ಹೇಳಬೇಕಿರುವುದು ಇದೊಂದೇ. ಉಳಿದದ್ದೆಲ್ಲ ಇದಕ್ಕೆ ಸಾಕ್ಷಿ.

ಗೊಂಡ್ರಿಯಿಂದ ಶುರು ಮಾಡು. ಈತ ಫ್ರಾನ್ಸಿನ ವರ್ಸೈಲ್ಸ್‌ನವನು, 1963ರಲ್ಲಿ ಹುಟ್ಟಿದವನು. ನಿರ್ದೇಶಕನಾಗುವ ಮೊದಲು ‘ವೀ ವೀ’ ಎಂಬ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದ. ತಮ್ಮ ತಂಡದ ಹಾಡುಗಳಿಗೆ ತಾನೇ ವಿಡಿಯೋ ಮಾಡುತ್ತಿದ್ದ, ಅದನ್ನು ನೋಡಿ ಐಸ್‌ಲೆಂಡಿನ ಗಾಯಕಿ ಬ್ಯೋರ್ಕ್ 1993ರಲ್ಲಿ ತನ್ನ ಹಾಡಿಗೆ ಕರೆದಳು. ಅವನ ಚಿತ್ರಗಳನ್ನು ನೋಡುವಾಗ ಇವನು ತಾಳ ಹಾಕಿದ ಕೈಯವನು ಎಂಬುದನ್ನು ಮರೆಯಬೇಡ.

1997ರಲ್ಲಿ ಡಾಫ್ಟ್ ಪಂಕ್ ತಂಡದ ‘ಅರೌಂಡ್ ದಿ ವರ್ಲ್ಡ್’ ಅವನ ಕೈಗೆ ಬಂತು. ಸಾಹಿತ್ಯವೆಂದರೆ ಶೀರ್ಷಿಕೆಯ ಆ ಮೂರು ಪದ, ಅದೇ ಮತ್ತೆ ಮತ್ತೆ. ಕಥೆಯಿಲ್ಲ, ನಾಯಕಿಯಿಲ್ಲ, ವಿರಹವಿಲ್ಲ. ಇನ್ನೊಬ್ಬನಾಗಿದ್ದರೆ ಹೊರಗಿನಿಂದ ಒಂದು ಕಥೆ ತಂದು ತುಂಬುತ್ತಿದ್ದ. ಗೊಂಡ್ರಿ ಹಾಡನ್ನು ಬಿಡಿಸಿ ನೋಡಿದ. ಅದರಲ್ಲಿ ಐದು ಪದರಗಳಿದ್ದವು. ಒಂದೊಂದು ಪದರಕ್ಕೂ ಒಂದೊಂದು ಗುಂಪು ನರ್ತಕರನ್ನು ಕೊಟ್ಟ. ಯಂತ್ರದಲ್ಲಿ ಹಾದುಬಂದ ಆ ದನಿಗೆ ರೋಬೋಟುಗಳು, ಬೇಸ್ ಗಿಟಾರಿಗೆ ದೈತ್ಯದೇಹದ ಕ್ರೀಡಾಪಟುಗಳು, ಕೀಬೋರ್ಡಿಗೆ ಈಜುಡುಗೆಯ ಹುಡುಗಿಯರು, ಗಿಟಾರಿಗೆ ಅಸ್ಥಿಪಂಜರಗಳು, ಡ್ರಮ್ ಮಷೀನಿಗೆ ಮಮ್ಮಿಗಳು. ಬೇಸ್ ಸ್ವರ ಆರೋಹಣದಲ್ಲಿದ್ದಾಗ ಆ ಕ್ರೀಡಾಪಟುಗಳು ಮೆಟ್ಟಿಲು ಹತ್ತುತ್ತಾರೆ, ಅವರೋಹಣದಲ್ಲಿ ಇಳಿಯುತ್ತಾರೆ. ರೋಬೋಟುಗಳು ದುಂಡನೆಯ ವೇದಿಕೆಯ ಸುತ್ತ ನಡೆಯುತ್ತವೆ, ಆ ವೇದಿಕೆ ಗ್ರಾಮಫೋನ್ ತಟ್ಟೆಯ ಆಕಾರದ್ದು. ನೃತ್ಯ ಸಂಯೋಜಿಸಿದವಳು ಬ್ಲಾಂಕಾ ಲೀ.

ಮೊದಲ ಸಲ ನೋಡುವಾಗ ಇದೇನು ಜಾತ್ರೆ ಎನ್ನಿಸುತ್ತದೆ. ಎರಡನೆಯ ಸಲ ಒಂದು ಗುಂಪನ್ನು ಮಾತ್ರ ಹಿಡಿದು ನೋಡು. ಮಮ್ಮಿಗಳನ್ನು ನೋಡಿದರೆ ಡ್ರಮ್ ಕೇಳಿಸುತ್ತದೆ. ಮೆಟ್ಟಿಲನ್ನು ನೋಡಿದರೆ ಬೇಸ್ ಕೇಳಿಸುತ್ತದೆ. ಸಂಗೀತದ ಗಂಧಗಾಳಿ ಇಲ್ಲದವರಿಗೂ ಹಾಡಿನ ಪದರಗಳು ಬೇರೆಬೇರೆಯಾಗಿ ಕೇಳುವಂತೆ ಮಾಡಿದ ವಿಡಿಯೋ ಅದು. ಇನ್ನೊಂದನ್ನು ಗಮನಿಸು: ಅಷ್ಟು ಕುಣಿತವಿದ್ದರೂ ಕಟ್‌ಗಳು ಕಡಿಮೆ. ಹತ್ತಿರದ ಶಾಟ್‌ಗಳನ್ನು ಪಟಪಟನೆ ಕತ್ತರಿಸಿ ನೃತ್ಯವನ್ನು ಹಾಳುಮಾಡುತ್ತಾರೆಂಬ ಬೇಸರ ಗೊಂಡ್ರಿಗಿತ್ತು. ಅದಕ್ಕೆ ದೂರ ನಿಂತು ಇಡೀ ವೇದಿಕೆಯನ್ನು ತೋರಿಸಿದ. ಲಯವನ್ನು ದೇಹಗಳೇ ಹೊತ್ತಿರುವಾಗ ಕತ್ತರಿಗೆ ಅಲ್ಲಿ ಕೆಲಸವಿಲ್ಲ. ಪ್ರತಿ ಬೀಟಿಗೂ ಕಟ್ ಮಾಡುವ ಚಪಲ ನಿನಗೂ ಬರುತ್ತದೆ, ಎಲ್ಲರಿಗೂ ಬರುತ್ತದೆ. ಎರಡು ಕಟ್ ತಾಳಕ್ಕೆ ಬಿದ್ದರೆ ಮೂರನೆಯದು ಎಲ್ಲಿ ಬೀಳುತ್ತದೆಂದು ನೋಡುವವರ ಕಣ್ಣಿಗೆ ಮೊದಲೇ ಗೊತ್ತಾಗುತ್ತದೆ. ಆಮೇಲೆ ಅದು ನೋಡುವುದನ್ನು ಬಿಡುತ್ತದೆ.

ಅದಾದ ಮೇಲೆ 2002ರ ‘ಸ್ಟಾರ್ ಗಿಟಾರ್’ ನೋಡು, ಕೆಮಿಕಲ್ ಬ್ರದರ್ಸ್ ತಂಡದ್ದು. ರೈಲಿನ ಕಿಟಕಿಯಿಂದ ಕಾಣುವ ದೃಶ್ಯ, ಅಷ್ಟೇ. ಕಂಬ, ಗೋದಾಮು, ಸೇತುವೆ, ಎದುರು ಹಳಿಯ ರೈಲು. ನೋಡುತ್ತ ನೋಡುತ್ತ ಮೈ ಜುಮ್ಮೆನ್ನುತ್ತದೆ, ಏಕೆಂದರೆ ಪ್ರತಿ ಕಂಬವೂ ಒಂದು ಪೆಟ್ಟಿಗೆ ಬರುತ್ತಿದೆ, ಪ್ರತಿ ಕಟ್ಟಡವೂ ಒಂದು ಸ್ವರಕ್ಕೆ ಬರುತ್ತಿದೆ. ದಕ್ಷಿಣ ಫ್ರಾನ್ಸಿನ ನೀಮ್ ಮತ್ತು ವಾಲಾನ್ಸ್ ನಡುವಿನ ದಾರಿ ಅದು. ಬೇರೆ ಬೇರೆ ಹೊತ್ತಿನ ಬೆಳಕು ಸಿಗಲೆಂದು ಅದೇ ದಾರಿಯಲ್ಲಿ ಮತ್ತೆ ಮತ್ತೆ ಓಡಾಡಿ ಚಿತ್ರಿಸಿಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ಕಂಬ, ಕಟ್ಟಡಗಳನ್ನು ತಾಳಕ್ಕೆ ತಕ್ಕಂತೆ ನೆಟ್ಟರು. ಆದರೆ ನಿನಗೆ ತೋರಿಸಬೇಕೆನ್ನಿಸಿದ್ದು ಅದಕ್ಕೂ ಹಿಂದಿನ ಕೆಲಸ. ಗೊಂಡ್ರಿ ಮೊದಲು ಗ್ರಾಫ್ ಹಾಳೆಯ ಮೇಲೆ ಇಡೀ ಹಾಡನ್ನು ಬರೆದುಕೊಂಡ. ಆಮೇಲೆ ಕಿತ್ತಳೆ ಹಣ್ಣು, ಫೋರ್ಕು, ಲೋಟ, ಪುಸ್ತಕ, ಕ್ಯಾಸೆಟ್ಟು, ಇಂಥ ಮನೆಯ ಸಾಮಾನುಗಳನ್ನೇ ಸಾಲಾಗಿ ಜೋಡಿಸಿ, ಯಾವ ವಾದ್ಯಕ್ಕೆ ಯಾವ ವಸ್ತು, ಯಾವ ಮಾತ್ರೆಗೆ ಎಷ್ಟು ದೂರ ಎಂದು ಲೆಕ್ಕ ಹಾಕಿದ. ಕ್ಯಾಮೆರಾ, ಕಂಪ್ಯೂಟರು, ರೈಲು ಎಲ್ಲ ಆಮೇಲೆ ಬಂದವು.

ನೀನೂ ಹಾಗೇ ಮಾಡು. ಒಂದು ಗ್ರಾಫ್ ಪುಸ್ತಕ ತೆಗೆದುಕೊ. ಪಲ್ಲವಿ, ಚರಣ, ನಡುವಿನ ಬಿಜಿಎಂ ಯಾವ ಸೆಕೆಂಡಿನಿಂದ ಯಾವ ಸೆಕೆಂಡಿಗೆ ಎಂದು ಅಡ್ಡಲಾಗಿ ಬರೆ. ಕೆಳಗೆ ಒಂದೊಂದು ವಾದ್ಯಕ್ಕೂ ಒಂದೊಂದು ಸಾಲು. ಅದು ಎಲ್ಲಿ ಒಳಗೆ ಬರುತ್ತದೆ, ಎಲ್ಲಿ ಸುಮ್ಮನಾಗುತ್ತದೆ, ಗುರುತು ಹಾಕು. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ನಿನ್ನ ಗೆಳತಿ ಎಲ್ಲೆಲ್ಲಿ ಉಸಿರೆಳೆಯುತ್ತಾಳೆ ಎಂಬುದನ್ನು ಬರೆ. ಈ ಕೊನೆಯದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಸಂಕಲನಕ್ಕೆ ಇದರಷ್ಟು ಉಪಯೋಗದ್ದು ಬೇರೆ ಇಲ್ಲ. ಹಾಡುವವಳು ಉಸಿರೆಳೆಯುವಲ್ಲಿ ಚಿತ್ರ ಬದಲಾದರೆ ಕಟ್ ಆಗಿದ್ದು ಯಾರಿಗೂ ಅರಿವಾಗುವುದಿಲ್ಲ. ಹಾಳೆ ತುಂಬುವ ಹೊತ್ತಿಗೆ ಆ ಹಾಡು ನಿನ್ನ ನರಕ್ಕೆ ಇಳಿದಿರುತ್ತದೆ. ಎಂಥ ಚಿತ್ರ ಬೇಕೆಂದು ಆಗ ಅದೇ ಹೇಳುತ್ತದೆ.

ತಾಳ, ಪದರ, ಗ್ರಾಫು ಎಂದು ಇಷ್ಟು ಹೇಳಿದವನು ಇದಕ್ಕೆ ತೀರಾ ಬೇರೆಯಾದ ಇನ್ನೊಂದು ವಿಡಿಯೋ ಹೇಳದಿದ್ದರೆ ತಪ್ಪಾಗುತ್ತದೆ. ಮಾರ್ಕ್ ರೊಮಾನೆಕ್ ಮಾಡಿದ ‘ಹರ್ಟ್’. ನನ್ನ ಮಟ್ಟಿಗೆ ಈ ಪ್ರಕಾರದಲ್ಲಿ ಇದಕ್ಕಿಂತ ದೊಡ್ಡದು ಬಂದಿಲ್ಲ.

ಹಾಡು ಮೂಲದಲ್ಲಿ ನೈನ್ ಇಂಚ್ ನೇಲ್ಸ್‌ ತಂಡದ ಟ್ರೆಂಟ್ ರೆಜ್ನರ್ ಬರೆದದ್ದು, 1994ರದು. ಒಬ್ಬ ಯುವಕನ ನೋವು ಅದು. 2002ರಲ್ಲಿ ಅಮೆರಿಕದ ಕಂಟ್ರಿ ಸಂಗೀತದ ಹಿರಿಯ ಜಾನಿ ಕ್ಯಾಷ್ ಅದನ್ನು ಹಾಡಿದರು. ಎಪ್ಪತ್ತರ ವಯಸ್ಸು, ಕಾಯಿಲೆ ದೇಹ, ನಡುಗುವ ದನಿ. ರೊಮಾನೆಕ್ ಟೆನೆಸಿಯ ಹೆಂಡರ್ಸನ್‌ವಿಲ್‌ಗೆ ಹೋದಾಗ ಅಲ್ಲಿ ಕ್ಯಾಷ್ ಅವರ ನೆನಪಿನ ವಸ್ತುಸಂಗ್ರಹಾಲಯ ‘ಹೌಸ್ ಆಫ್ ಕ್ಯಾಷ್’ ಎಷ್ಟೋ ಕಾಲದಿಂದ ಮುಚ್ಚಿ, ನೆರೆಯ ನೀರಿಗೆ ಸಿಕ್ಕು ಪಾಳುಬಿದ್ದಿತ್ತು. ಹೊಸ ಸೆಟ್ ಹಾಕಬಹುದಿತ್ತು. ಮೇಕಪ್ ಬಳಿದು, ಬೆಳಕಿನಲ್ಲಿ ಸುಕ್ಕು ಮರೆಸಿ ಮುದುಕನನ್ನು ಚೆಂದ ಕಾಣಿಸಬಹುದಿತ್ತು. ಆ ಪಾಳು ಕಟ್ಟಡ ಕಂಡಾಗ ನಿರ್ದೇಶಕನಿಗೆ ಹೊಳೆದದ್ದು, ಈ ಮನುಷ್ಯ ಈಗ ಇರುವಂತೆಯೇ ಇವರನ್ನು ತೋರಿಸಬಹುದು ಎಂದು. ಕ್ಯಾಷ್ ಒಪ್ಪಿದರು. ಆ ಒಪ್ಪಿಗೆಯ ದೊಡ್ಡತನವನ್ನು ನಾನು ಎಷ್ಟು ಹೇಳಿದರೂ ಸಾಲದು.

ವಿಡಿಯೋದಲ್ಲಿ ಮುದುಕರು ಕೂತು ಹಾಡುತ್ತಾರೆ. ನಡುನಡುವೆ ಅವರದೇ ಯೌವನದ ಹಳೆಯ ತುಣುಕುಗಳು ಬರುತ್ತವೆ: ರೈಲಿನಲ್ಲಿ, ವೇದಿಕೆಯಲ್ಲಿ, ಗಟ್ಟಿ ಮೈಯಲ್ಲಿ. ಹೆಂಡತಿ ಜೂನ್ ಕಾರ್ಟರ್ ಮೆಟ್ಟಿಲ ಮೇಲೆ ನಿಂತು ಗಂಡನನ್ನು ನೋಡುತ್ತಾರೆ. ಆ ನೋಟವನ್ನು ಯಾವ ನಟಿಗೂ ಹೇಳಿಕೊಟ್ಟು ತರಿಸಲಾಗದು. ಕೊನೆಗೆ ಪಿಯಾನೋದ ಒಂದೇ ಸ್ವರ ಜೋರಾಗುತ್ತ ಹೋದಂತೆ ಹಳೆಯ ತುಣುಕುಗಳು ಒಂದರ ಮೇಲೊಂದು ನುಗ್ಗುತ್ತವೆ. ಆಮೇಲೆ ಅವರು ಪಿಯಾನೋದ ಮುಚ್ಚಳ ಮುಚ್ಚುತ್ತಾರೆ. 2003ರ ಮೇ ತಿಂಗಳಲ್ಲಿ ಜೂನ್ ತೀರಿಕೊಂಡರು, ಸೆಪ್ಟೆಂಬರಿನಲ್ಲಿ ಕ್ಯಾಷ್. ವಿಡಿಯೋ ನೋಡಿದ ಮೇಲೆ ಈ ಹಾಡು ಇನ್ನು ನನ್ನದಾಗಿ ಉಳಿದಿಲ್ಲ ಎಂಬರ್ಥದ ಮಾತನ್ನು ರೆಜ್ನರ್ ಹೇಳಿದ್ದರು. ಬರೆದವನ ಕೈಯಿಂದ ಹಾಡು ಹಾಡಿದವನ ಕೈಗೆ ದಾಟಿತ್ತು, ಮತ್ತು ಅದನ್ನು ದಾಟಿಸಿದ್ದರಲ್ಲಿ ಚಿತ್ರದ ಪಾಲು ದೊಡ್ಡದು.

ಇದೇ ರೊಮಾನೆಕ್ 1995ರಲ್ಲಿ ಮೈಕಲ್ ಜಾಕ್ಸನ್ ಮತ್ತು ಜಾನೆಟ್ ಜಾಕ್ಸನ್‌ಗೆ ‘ಸ್ಕ್ರೀಮ್’ ಮಾಡಿದವನು. ಸುಮಾರು 70 ಲಕ್ಷ ಡಾಲರ್ ಖರ್ಚಿನ ಅತಿ ದುಬಾರಿ ವಿಡಿಯೋ ಎಂದು ಗಿನ್ನೆಸ್ ದಾಖಲೆಯಲ್ಲಿ ಅದರ ಹೆಸರಿದೆ. ಎರಡನ್ನೂ ಪಕ್ಕಪಕ್ಕದಲ್ಲಿ ನೋಡು. ಹಣ ಎಷ್ಟಿದೆ ಎಂಬುದು ಅವನಿಗೆ ಎರಡನೆಯ ಪ್ರಶ್ನೆಯಾಗಿತ್ತು. ಎದುರಿಗಿರುವ ಮನುಷ್ಯ ಯಾರು, ಇವನ ದನಿಯಲ್ಲಿ ಏನಿದೆ ಎಂಬುದೇ ಮೊದಲನೆಯದು.

ನಿನ್ನ ಹತ್ತಿರ ಹಣ ಕಡಿಮೆ ಇದೆಯೆಂದು ನಿನ್ನಮ್ಮ ಹೇಳಿದಳು. ಅದಕ್ಕಾಗಿ ಸ್ಪೈಕ್ ಜೋನ್ಸ್‌ನ ‘ಪ್ರೇಸ್ ಯೂ’ ನೋಡು. ಜೋನ್ಸ್ ಸ್ಕೇಟ್‌ಬೋರ್ಡ್ ಹುಡುಗರ ಫೋಟೋ ತೆಗೆಯುತ್ತ ಮೇಲೆ ಬಂದವನು. ಫ್ಯಾಟ್‌ಬಾಯ್ ಸ್ಲಿಮ್‌ ಎಂಬ ಸಂಗೀತಗಾರನ ಒಂದು ಹಾಡಿಗೆ ಕೆಲಸ ಮಾಡುವ ಅವಕಾಶ ತಪ್ಪಿದಾಗ, ಆ ಹಾಡಿಗೆ ತಾನೇ ಕುಣಿದು, ಅದನ್ನು ಚಿತ್ರಿಸಿ, ಪ್ರೀತಿಯಿಂದ ಅವನಿಗೆ ಕಳಿಸಿಕೊಟ್ಟ. ಅದೇ ಅವನ ಮುಂದಿನ ಹಾಡಾದ ‘ಪ್ರೇಸ್ ಯೂ’ಗೆ ದಾರಿಯಾಯಿತು. ಲಾಸ್ ಏಂಜಲೀಸ್‌ನ ವೆಸ್ಟ್‌ವುಡ್‌ನಲ್ಲಿ ಒಂದು ಸಿನಿಮಾ ಥಿಯೇಟರಿನ ಮುಂದೆ, ಟಿಕೆಟ್ಟಿಗೆ ಕಾದ ಜನರ ಎದುರೇ, ಅನುಮತಿ ಕೇಳದೆ, ಟೇಪ್ ರೆಕಾರ್ಡರ್ ಇಟ್ಟು ಒಂದು ಗುಂಪಿನೊಂದಿಗೆ ಕುಣಿದರು. ಕುಣಿತ ಒಡ್ಡೊಡ್ಡಾಗಿದೆ, ಆದರೆ ಮನಸಾರೆ ಕುಣಿಯುತ್ತಾರೆ. ನಡುವೆ ಥಿಯೇಟರಿನ ನೌಕರ ಬಂದು ಟೇಪ್ ನಿಲ್ಲಿಸುತ್ತಾನೆ. ಅದನ್ನೂ ಉಳಿಸಿಕೊಂಡರು. ಖರ್ಚು 800 ಡಾಲರ್ ಎನ್ನುತ್ತಾರೆ. 1999ರ ಎಂಟಿವಿ ಪ್ರಶಸ್ತಿಗಳಲ್ಲಿ ನಿರ್ದೇಶನಕ್ಕೆ, ನೃತ್ಯ ಸಂಯೋಜನೆಗೆ ಬಹುಮಾನ ಬಂತು. ಆದರೆ ನೀನು ಮಾಡುವಾಗ ಮಾತ್ರ ನಗರ ಪಾಲಿಕೆ, ಪೊಲೀಸು, ಮೆಟ್ರೋ, ಯಾರ ಜಾಗವಾದರೂ ಅನುಮತಿ ಪತ್ರ ಮಾಡಿಸಿಕೊಂಡೇ ಹೋಗು. ಹೆಣ್ಣುಮಕ್ಕಳ ತಂಡ ಕಟ್ಟಿಕೊಂಡು ಹೊರಟವಳು ಆ ಜವಾಬ್ದಾರಿ ಬಿಡಬಾರದು.

ಯಂತ್ರದ ಚಮತ್ಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ಲೇಜರ್ 1996ರಲ್ಲಿ ಜಮಿರೊಕ್ವೈ ತಂಡಕ್ಕೆ ಮಾಡಿದ ‘ವರ್ಚುವಲ್ ಇನ್ಸ್ಯಾನಿಟಿ’ಯಲ್ಲಿ ನೆಲ ಜಾರಿದಂತೆ ಕಾಣುತ್ತದೆ. ನಿಜವಾಗಿ ಜಾರುತ್ತಿರುವುದು ಗೋಡೆಗಳು, ಕ್ಯಾಮೆರಾವನ್ನು ಆ ಗೋಡೆಗೇ ಬಿಗಿದಿದ್ದರು. ಗಾಲಿ, ಹಲಗೆ, ತಳ್ಳುವ ಜನ, ಇಷ್ಟೇ ಬಂಡವಾಳ. ಗ್ಲೇಜರ್ ಮುಂದೆ ‘ದಿ ಝೋನ್ ಆಫ್ ಇಂಟರೆಸ್ಟ್’ ಮಾಡಿದ, 2024ರಲ್ಲಿ ಆಸ್ಕರ್ ಬಂತು. ಗೊಂಡ್ರಿ, ಜೋನ್ಸ್, ಡೇವಿಡ್ ಫಿಂಚರ್ ಎಲ್ಲರೂ ಹೀಗೇ ಹಾಡಿನಿಂದ ಸಿನಿಮಾಕ್ಕೆ ಹೋದವರು. ಹಾಗೆಂದು ಹಾಡನ್ನು ಸಿನಿಮಾಕ್ಕೆ ಹತ್ತುವ ಮೆಟ್ಟಿಲು ಮಾತ್ರವೆಂದು ನೋಡಬೇಡ. ಆ ನಾಲ್ಕು ನಿಮಿಷಕ್ಕೆ ಪೂರ್ತಿ ಮನಸ್ಸು ಕೊಟ್ಟಿದ್ದಕ್ಕೇ ಅವರಿಗೆ ಮುಂದಿನದು ಬಂತು.

ಮುಖದ ಬಗ್ಗೆ ಒಂದು ಮಾತು. 1990ರಲ್ಲಿ ಐರ್ಲೆಂಡಿನ ಶಿನೇಡ್ ಓಕಾನರ್, ಪ್ರಿನ್ಸ್ ಬರೆದ ‘ನಥಿಂಗ್ ಕಂಪೇರ್ಸ್ ಟು ಯೂ’ ಹಾಡಿದಳು. ನಿರ್ದೇಶಕ ಜಾನ್ ಮೇಬರಿ. ಪ್ಯಾರಿಸ್ಸಿನ ಪಾರ್ಕಿನಲ್ಲಿ ಅವಳು ನಡೆಯುವ ಶಾಟ್‌ಗಳೂ ಇವೆ. ಆದರೆ ನೆನಪಿನಲ್ಲಿ ಉಳಿಯುವುದು ಕಪ್ಪು ಹಿನ್ನೆಲೆಯಲ್ಲಿ ಆ ಬೋಳುತಲೆಯ ಮುಖ ಒಂದೇ. ಹಾಡುತ್ತ ಹಾಡುತ್ತ ಕಣ್ಣೀರು ಇಳಿಯುತ್ತದೆ, ಅದು ಯೋಜನೆಯಲ್ಲಿರಲಿಲ್ಲ. ತೀರಿಹೋದ ತಾಯಿಯ ನೆನಪಾಯಿತೆಂದು ಅವಳು ಆಮೇಲೆ ಹೇಳಿದ್ದಾಳೆ. ಕಣ್ಣೀರು ಬಂದಾಗ ಕ್ಯಾಮೆರಾ ನಿಲ್ಲಿಸದೆ, ಸಂಕಲನದಲ್ಲಿ ಬೇರೆ ಶಾಟ್ ಹಾಕಿ ಮುಚ್ಚದೆ ಬಿಟ್ಟರಲ್ಲ, ನಿರ್ದೇಶನವೆಂದರೆ ಅದೂ ಹೌದು. ನಿನ್ನ ಗೆಳತಿ ಚೆನ್ನಾಗಿ ಹಾಡುತ್ತಾಳೆ. ಅವಳ ಮುಖದ ಮೇಲೆ ನಂಬಿಕೆಯಿಡು.

ಮುಖ ತೋರಿಸುವೆಯಾದರೆ ತುಟಿಯ ಬಗ್ಗೆ ಎಚ್ಚರವಿರಲಿ. ಎರಡು ಫ್ರೇಮ್ ಜಾರಿದರೂ ನೋಡುವವರಿಗೆ ಕಾರಣ ತಿಳಿಯದೆ ಇರಿಸುಮುರಿಸಾಗುತ್ತದೆ. ಕನ್ನಡದಲ್ಲಿ ಸಿಂಕ್ ಹಿಡಿಯಲು ನಾವು ಪ, ಬ, ಮ ನೋಡುತ್ತಿದ್ದೆವು. ಈ ಅಕ್ಷರಗಳಿಗೆ ತುಟಿ ಕೂಡಲೇಬೇಕು, ಅಲ್ಲಿ ಕೂಡಿದರೆ ಉಳಿದದ್ದು ತಾನಾಗಿ ಕೂಡುತ್ತದೆ. ನಿಧಾನಗತಿಯಲ್ಲಿ ಹಾಡಿಸಬೇಕಿದ್ದರೆ ಕ್ಯಾಮೆರಾವನ್ನು ಇಪ್ಪತ್ತನಾಲ್ಕರ ಬದಲು ನಲವತ್ತೆಂಟು ಫ್ರೇಮಿಗೆ ಇಟ್ಟು, ಸೆಟ್ಟಿನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸು, ಅವಳು ಆ ವೇಗಕ್ಕೆ ತುಟಿ ಆಡಿಸಬೇಕು. ಮೊದಲೇ ಅಭ್ಯಾಸ ಮಾಡಿಸು. ಕೋಲ್ಡ್‌ಪ್ಲೇಯ ‘ದಿ ಸೈಂಟಿಸ್ಟ್’ ವಿಡಿಯೋ ಹಿಂದುಮುಂದಾಗಿ ಓಡುತ್ತದೆ, ಆದರೂ ತುಟಿ ಸರಿಯಾಗಿದೆ. ಅದಕ್ಕಾಗಿ ಆ ತಂಡದ ಗಾಯಕ ಕ್ರಿಸ್ ಮಾರ್ಟಿನ್ ಇಡೀ ಹಾಡನ್ನು ಉಲ್ಟಾ ಹಾಡಲು ಒಂದು ತಿಂಗಳು ಕಲಿತ. ಜೋನ್ಸ್ ಕೂಡ ಫಾರ್‌ಸೈಡ್ ತಂಡದ ‘ಡ್ರಾಪ್’ಗೆ ಹೀಗೇ ಮಾಡಿದ್ದ, ಉಚ್ಚಾರ ಕಲಿಸಲು ಭಾಷಾತಜ್ಞರನ್ನು ಕರೆಸಿದ್ದ. ಕಷ್ಟಪಟ್ಟದ್ದು ತೆರೆಯ ಮೇಲೆ ಕಾಣುವುದೇ ಇಲ್ಲ, ಹಾಗೆ ಕಷ್ಟಪಟ್ಟಿದ್ದಾರೆ.

ಇನ್ನು ತರ್ಸೇಮ್. ಇವನನ್ನು ಕೊನೆಗೆ ಇಟ್ಟುಕೊಂಡಿದ್ದಕ್ಕೆ ಕಾರಣವಿದೆ. ಆರ್‌ಇಎಂ ತಂಡದ ‘ಲೂಸಿಂಗ್ ಮೈ ರಿಲಿಜನ್’ಗೆ ಅವನು ವಿಡಿಯೋ ಮಾಡಿದ್ದು 1991ರಲ್ಲಿ. ಕಾರವಾಜಿಯೋನ ವರ್ಣಚಿತ್ರಗಳ ಬೆಳಕು, ಗಾರ್ಸಿಯಾ ಮಾರ್ಕ್ವೆಜ್‌ನ ಕಥೆಯ ರೆಕ್ಕೆಯ ಮುದುಕ, ಇವೆಲ್ಲ ಅದರಲ್ಲಿವೆ. ಆದರೆ ಅವನಿಗೆ ಬೇಕಾಗಿದ್ದ ಒಟ್ಟು ಧಾಟಿ ಭಾರತದ ಒಂದು ಬಗೆಯ ಸಿನಿಮಾದ್ದು: ಭಾವ ತುಂಬಿ ತುಳುಕುವ, ಕನಸಿನಂತೆ ಕಾಣುವ ಸಿನಿಮಾ. ನಿನ್ನ ವಯಸ್ಸಿನವರು ನಮ್ಮ ಹಳೆಯ ಚಿತ್ರಗಳಲ್ಲಿ ಅತಿಯಾಯಿತೆಂದು ಮುಜುಗರಪಡುವ ಗುಣವನ್ನೇ ಅವನು ಅಮೆರಿಕಕ್ಕೆ ಒಯ್ದು ತಲೆಯೆತ್ತಿ ತೋರಿಸಿದ. ಆ ವರ್ಷದ ಎಂಟಿವಿ ಪ್ರಶಸ್ತಿಗಳಲ್ಲಿ ಆರು ಅದಕ್ಕೇ ಬಂದವು.

ಆದ್ದರಿಂದ ನನ್ನ ಪಟ್ಟಿಯಲ್ಲಿ ಏಳನೆಯ ಹೆಸರು ಪುಟ್ಟಣ್ಣ ಕಣಗಾಲ್. ಹಾಡು ಬಂತೆಂದರೆ ಡ್ಯಾನ್ಸ್ ಮಾಸ್ಟರ್ ಕೈಗೆ ಒಪ್ಪಿಸಿ ನಿರ್ದೇಶಕ ಪಕ್ಕಕ್ಕೆ ಸರಿಯುವುದು ನಮ್ಮಲ್ಲಿ ವಾಡಿಕೆ. ಪುಟ್ಟಣ್ಣನವರ ಚಿತ್ರಗಳ ಹಾಡು ನೋಡು, ಕಥೆ ಹಾಡಿನಲ್ಲಿ ನಿಲ್ಲುವುದಿಲ್ಲ, ಇನ್ನೂ ಒಳಗೆ ಇಳಿಯುತ್ತದೆ. 1972ರ ‘ನಾಗರಹಾವು’ ಚಿತ್ರದ ‘ಬಾರೆ ಬಾರೆ’ ಹಾಡನ್ನು ನಿಧಾನಗತಿಯಲ್ಲಿ ಚಿತ್ರಿಸಿದ್ದಾರೆ. ಪ್ರೀತಿಯಲ್ಲಿ ಬಿದ್ದ ಹುಡುಗನಿಗೆ ಕಾಲವೇ ನಿಧಾನವಾಗಿದೆ, ಅದಕ್ಕೆ ಆ ಗತಿ. ಕಾಫಿ ತೋಟದ ಡ್ರೋನ್ ವಿಡಿಯೋಗಳಲ್ಲಿರುವುದೂ ನಿಧಾನಗತಿಯೇ. ಎರಡನ್ನೂ ಒಂದೇ ದಿನ ನೋಡಿ, ಏನು ಕಂಡಿತೆಂದು ನನಗೆ ಬರೆ.

ಒಂದು ವ್ಯವಹಾರದ ಮಾತು ಉಳಿದಿದೆ. ಎಂಟಿವಿ ಶುರುವಾದದ್ದು 1981ರ ಆಗಸ್ಟ್ 1ರಂದು. ಹಾಡಿನ ಜೊತೆ ನಿರ್ದೇಶಕರ ಹೆಸರು ಹಾಕಲು ಶುರುಮಾಡಿದ್ದು 1992ರ ಕೊನೆಯಲ್ಲಿ. ಅಲ್ಲಿಯವರೆಗೆ ಹಗಲೂ ರಾತ್ರಿ ಅವರ ಕೆಲಸ ಜಗತ್ತಿನ ಮನೆಗಳಲ್ಲಿ ಓಡುತ್ತಿತ್ತು, ಮಾಡಿದವರು ಯಾರೆಂದು ನೋಡುವವರಿಗೆ ತಿಳಿಯುತ್ತಿರಲಿಲ್ಲ. ಗೆಳತಿಯೇ ಆದರೂ ಅವಳೊಂದಿಗೆ ಒಂದು ಪುಟದ ಕರಾರು ಬರೆದುಕೊ: ವಿಡಿಯೋ ಯಾರ ಚಾನೆಲ್ಲಿನಲ್ಲಿ ಬರುತ್ತದೆ, ಮುಂದೆ ಆಡಿಯೋ ಕಂಪನಿಗೆ ಕೊಟ್ಟರೆ ನಿನ್ನ ಪಾಲೇನು, ನಿನ್ನ ಹೆಸರು ಎಲ್ಲಿರುತ್ತದೆ. ಕ್ಯಾಮೆರಾ ಹಿಡಿದವರು, ನೃತ್ಯ ಹೇಳಿಕೊಟ್ಟವರು, ಸಂಕಲನ ಮಾಡಿದವರು, ಲೈಟ್ ಹೊತ್ತ ಹುಡುಗರು, ಊಟ ಕೊಟ್ಟ ಮನೆಯವರು, ಎಲ್ಲರ ಹೆಸರೂ ಕಾಗುಣಿತ ತಪ್ಪದೆ, ಕನ್ನಡದಲ್ಲೇ, ಓದಲು ಆಗುವಷ್ಟು ಹೊತ್ತು ತೆರೆಯ ಮೇಲೆ ನಿಲ್ಲಲಿ. ಕರಾರಿನ ಕರಡು ನನಗೆ ಕಳಿಸು, ನೋಡಿಕೊಡುತ್ತೇನೆ. ಅದರ ಜೊತೆಗೆ ಗ್ರಾಫ್ ಹಾಳೆಯನ್ನೂ ಕಳಿಸು, ಶೂಟಿಂಗ್ ದಿನ ಗೊತ್ತುಮಾಡುವ ಮೊದಲೇ.

ನಿನ್ನ ಮಾಮ